ಬುರೈಮಿಯಲ್ಲಿ ಒಂದು ಲೋಟ ನೀರು

ಸೀಬ್ ವಿಮಾನ ನಿಲ್ದಾಣ

ಬಾಣಂತಿಯ ಆರೈಕೆಗೆ ತಾಯಿ ಹೋಗುವುದು ಎಲ್ಲ ಕಡೆಯ ವಾಡಿಕೆ. ನಮ್ಮ ಮನೆಯಿಂದ ಹೋದವಳು ನಾನು. ಅಮ್ಮನಿಗೆ ವಿಮಾನವೆಂದರೆ ಆಗುವುದಿಲ್ಲ. ಬಸ್ಸಿನಲ್ಲಾದರೆ ಹೆದರಿಕೆಯಾದಾಗ ನಿಲ್ಲಿಸಪ್ಪ ಎಂದು ಕಂಡಕ್ಟರನಿಗೆ ಹೇಳಬಹುದು, ಅಷ್ಟು ಮೇಲೆ ಯಾರಿಗೆ ಹೇಳುವುದು ಎಂಬುದು ಅವಳ ವಾದ. ಹಾಗಾಗಿ ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ, ಮದುವೆಯಾಗದ, ಮಗುವನ್ನು ಸರಿಯಾಗಿ ಎತ್ತಿಕೊಳ್ಳಲೂ ಬಾರದ ನನ್ನನ್ನು ಒಮಾನಿನ ಬುರೈಮಿಯಲ್ಲಿದ್ದ ಗ್ರೇಸಿ ಅಕ್ಕನ ಬಳಿಗೆ ಕಳಿಸುವುದೆಂದಾಯಿತು. ತೊಂಬತ್ತರ ದಶಕದ ಆರಂಭದ ಮಾತು ಇದು. ವೀಸಾ ಕೈಗೆ ಬರುವಷ್ಟರಲ್ಲಿ ಮಗು ಹುಟ್ಟಿ ತಿಂಗಳು ದಾಟಿತ್ತು.

ಇನ್ನೊಂದು ಹೊಣೆಯೂ ನನ್ನ ಮೇಲಿತ್ತು. ಹೆಸರಿಟ್ಟು, ತಲೆಗೆ ನೀರೆರೆದು ಮಗುವನ್ನು ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಲ್ಲುವುದು. ಅಂದರೆ ಇಗರ್ಜಿಯಲ್ಲಿ ಮಗುವಿನ ಪರವಾಗಿ ಸೈತಾನನನ್ನು ತ್ಯಜಿಸಿ, ದೇವರಲ್ಲಿ ನಂಬಿಕೆಯಿದೆ ಎಂದು ಗಟ್ಟಿಯಾಗಿ ಹೇಳಿ, ಮುಂದೆ ಅದಕ್ಕೆ ಧರ್ಮದ ದಾರಿ ತೋರಿಸುತ್ತೇನೆಂದು ಮಾತು ಕೊಡುವುದು. ಈ ಸುದ್ದಿ ಕೇಳಿ ನಮ್ಮ ಅಜ್ಜಿ "ಯಾರು, ಇವಳಾ?" ಎಂದು ಎರಡು ಸಲ ಕೇಳಿದಳು. ನಂಬಿಕೆಯ ವಿಷಯದಲ್ಲಿ ನಾನು ನಡುಬೆಂಚಿನವಳು. ಮುಂದಿನ ಬೆಂಚಿನಲ್ಲಿ ಮಂಡಿಯೂರಿ ಕಣ್ಣು ಮುಚ್ಚುವವರ ಸಾಲಿಗೂ ಸೇರಿದವಳಲ್ಲ, ಪಾದ್ರಿಗಳ ಪ್ರವಚನದ ಹೊತ್ತಿಗೆ ಹೊರಗೆ ಮಾವಿನ ಮರದಡಿ ನಿಂತು ಕ್ರಿಕೆಟ್ ಮಾತಾಡುವವರ ಸಾಲಿಗೂ ಸೇರಿದವಳಲ್ಲ. ಇಗರ್ಜಿ ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಅದಕ್ಕೇ ಪ್ರತಿ ಭಾನುವಾರ ಪೂಜೆಗೆ ತಡವಾಗುತ್ತಿತ್ತು. ಅಷ್ಟು ಹತ್ತಿರ ಇರುವಾಗ ಅವಸರ ಯಾಕೆ ಎಂಬ ಧೈರ್ಯ.

ಅಜ್ಜಿ ಬುದ್ಧಿಮಾತಿನ ಬದಲು ಉಣ್ಣೆ ಕೊಟ್ಟಳು. ಟೋಪಿ, ಸ್ವೆಟರು, ಕಾಲುಚೀಲ, ಕೈಗವಸು, ಹೊದಿಕೆ, ಎಲ್ಲ ಅವಳೇ ಹೆಣೆದದ್ದು. ಮರುಭೂಮಿಗೆ ಉಣ್ಣೆ ಯಾಕಜ್ಜಿ ಎಂದು ಕೇಳಿದೆ.

"ಗ್ರೇಸಿಯ ಮನೆಯಲ್ಲಿ ಏಸಿ ಉಂಟಲ್ಲ. ಏಸಿ ಅಂದ್ರೆ ಎಂತ, ಅದೂ ಗಾಳಿಯೇ. ಮಗುವಿನ ತಲೆಗೆ ಗಾಳಿ ತಾಗಬಾರದು" ಅಂದಳು.

ಮಸ್ಕತ್ ಬಳಿಯ ಸೀಬ್‌ನಲ್ಲಿ ಇಳಿದಾಗ ಕಸ್ಟಮ್ಸ್ ಅಧಿಕಾರಿ ನನ್ನ ಪೆಟ್ಟಿಗೆ ತೆರೆದು ಉಣ್ಣೆಯನ್ನು ಒಂದು ಕ್ಷಣ ನೋಡಿ, ನನ್ನ ಮುಖವನ್ನೂ ನೋಡಿ, ಏನೂ ಹೇಳದೆ ಬದಿಗಿಟ್ಟ. ಅವನ ಕೈ ನಿಂತದ್ದು ಬಾಣಂತಿ ಲೇಹದ ಡಬ್ಬಿಯ ಮೇಲೆ. ಮುಚ್ಚಳ ತೆಗೆದ. ಲೇಹ ಕಪ್ಪಗೆ, ಅಂಟಂಟಾಗಿತ್ತು. ಓಮ ಶುಂಠಿಗಳ ಘಾಟು ಸುತ್ತಲಿನ ನಾಲ್ಕು ಕೌಂಟರಿನವರೆಗೂ ಹೋಯಿತು. ಇದೇನು ಎಂದ. ಔಷಧಿ ಎಂದೆ. ಯಾವ ರೋಗಕ್ಕೆ ಎಂದ. ರೋಗವಲ್ಲ, ಹೆರಿಗೆ ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಹಿಂದಿ ಬಲ್ಲ ಗುಮಾಸ್ತನನ್ನು ಕರೆದ. ಗುಮಾಸ್ತ ವಿಚಾರಿಸಿ, ಅಧಿಕಾರಿಗೆ ಅರಬ್ಬಿಯಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿದ.

"ತಿನ್ನಬೇಕಂತೆ."

"ಯಾರು?"

"ನೀವೇ."

ಹಾಗೆ ಒಮಾನಿನ ನೆಲದ ಮೇಲೆ ನಾನು ಮೊದಲು ತಿಂದದ್ದು ಒಂದು ದೊಡ್ಡ ಚಮಚ ಬಾಣಂತಿ ಲೇಹ. ಕಣ್ಣಲ್ಲಿ ನೀರು ಬಂತು. ಅಧಿಕಾರಿಗೆ ಕನಿಕರವಾಯಿತೋ ಏನೋ, ತಾನೇ ಪೆಟ್ಟಿಗೆ ಮುಚ್ಚಿ, ಟ್ರಾಲಿಯ ಮೇಲೆ ಎತ್ತಿಟ್ಟು, "ಮಬ್ರೂಕ್" ಎಂದ. ಅಭಿನಂದನೆ ಎಂದು ಅರ್ಥವಂತೆ. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಮತ್ರಾ

ಹೊರಗೆ ವಲೇರಿಯನ್ ಭಾವ ಕಾಯುತ್ತಿದ್ದ. ಬುರೈಮಿಯಲ್ಲಿ ಕಟ್ಟಡ ಸಾಮಾನಿನ ಅಂಗಡಿಯೊಂದರಲ್ಲಿ ಅವನು ಸ್ಟೋರ್‌ಕೀಪರ್. ಮತ್ರಾದ ಸೂಕಿನಿಂದ, ಅಂದರೆ ಹಳೇ ಪೇಟೆಯಿಂದ, ಯಜಮಾನನಿಗೆ ಏನೋ ಒಯ್ಯಲಿಕ್ಕಿದೆ ಎಂದು ನನ್ನನ್ನೂ ಕರೆದುಕೊಂಡು ಹೋದ. ಒಬ್ಬರ ಭುಜ ಒಬ್ಬರಿಗೆ ತಾಗುವಂಥ ಓಣಿಗಳು, ಮೇಲೆ ಮರದ ಮಾಡು. ಒಂದು ತಿರುವಿನಲ್ಲಿ ಧೂಪದ ವಾಸನೆ ಮುಖಕ್ಕೆ ಹೊಡೆಯಿತು. ನಮ್ಮೂರಲ್ಲಿ ಆ ವಾಸನೆ ಬರುವುದು ಇಗರ್ಜಿಯ ದೊಡ್ಡ ಹಬ್ಬದ ದಿನ, ಇಲ್ಲವೇ ಶವಸಂಸ್ಕಾರದ ದಿನ. ನನ್ನ ಕೈ ತಾನೇ ಹಣೆಗೆ ಹೋಗಿ, ಎದೆಗಿಳಿದು, ಶಿಲುಬೆಯ ಗುರುತು ಹಾಕಿಬಿಟ್ಟಿತು. ಎದುರಿಗೆ ದೇವರಿರಲಿಲ್ಲ, ಲೋಬಾನದ ಗೋಣಿಗಳ ಹಿಂದೆ ತಲೆಮಾರುಗಳಿಂದ ಅಲ್ಲಿ ವ್ಯಾಪಾರ ಮಾಡುವ ಗುಜರಾತಿ ಮುದುಕರೊಬ್ಬರು ಕೂತಿದ್ದರು.

"ತಲೆನೋವಾ ಬೇಟಿ?" ಎಂದು ಹಿಂದಿಯಲ್ಲಿ ಕೇಳಿದರು.

"ಇಲ್ಲ, ಅಭ್ಯಾಸ" ಎಂದೆ.

ದೇವರಿಗಾಗಿ ಹಾಕುವ ಗುರುತು ಇಷ್ಟು ವರ್ಷ ಮೂಗಿಗಾಗಿ ಹಾಕುತ್ತಿದ್ದೆನೇ ಎಂಬ ಅನುಮಾನ ಅಂದು ಶುರುವಾಯಿತು. ಓಣಿ ಮುಗಿಯುವಷ್ಟರಲ್ಲಿ ಇನ್ನೂ ಎರಡು ಸಲ ಕೈ ಎದ್ದಿತು. ಭಾವ ನನ್ನ ಕೈಗೆ ಒಂದು ಚೀಲ ಕೊಟ್ಟು, "ಇದನ್ನು ಹಿಡಿ ಮಾರಾಯ್ತಿ, ಜನ ನೋಡ್ತಾರೆ" ಅಂದ.

ಬುರೈಮಿಯ ದಾರಿ

ಬುರೈಮಿಗೆ ಹೊರಟದ್ದು ಬಾಡಿಗೆ ಟ್ಯಾಕ್ಸಿಯಲ್ಲಿ, ಅಪರಿಚಿತರ ನಡುವೆ ಒತ್ತಿಕೊಂಡು. ಭಾವನಿಗೆ ಕಾರಿಲ್ಲ, ಕಾರಣ ಲೈಸೆನ್ಸ್ ಇಲ್ಲ. ಕೊಲ್ಲಿ ದೇಶದಲ್ಲಿ ಡ್ರೈವಿಂಗ್ ಲೈಸೆನ್ಸ್ ಸಿಗುವುದು ಮೋಕ್ಷ ಸಿಕ್ಕಿದ ಹಾಗೆ ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಪರೀಕ್ಷೆ ತೆಗೆದುಕೊಳ್ಳುವ ಪೊಲೀಸ್ ಪಕ್ಕದಲ್ಲಿ ಕೂತ ಕೂಡಲೇ ಭಾವನ ಕಾಲು ಬ್ರೇಕಿನ ಮೇಲಿಂದ ಏಳುವುದಿಲ್ಲ. ಪ್ರತಿ ಸಲ ಹೋಗುವ ಮುಂಚೆ ಸಂತ ಆಂತೊನಿಯವರಿಗೆ ಹರಕೆ ಹೇಳುತ್ತಾನಂತೆ.

"ಆಂತೊನಿ ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಭಾವ. ನಿನ್ನ ಲೈಸೆನ್ಸ್ ಇದ್ದದ್ದೇ ಇಲ್ಲವಲ್ಲ" ಎಂದೆ.

"ಧೈರ್ಯ ಕಳೆದುಹೋಗ್ತದಲ್ಲ, ಅದಕ್ಕೆ" ಅಂದ.

ಬುರೈಮಿಯಲ್ಲಿ ವಲೇರಿಯನ್ ಎಂಬ ಹೆಸರು ಯಾರ ನಾಲಿಗೆಯಲ್ಲೂ ನಿಂತಿರಲಿಲ್ಲ. ಎಲ್ಲರೂ ಅವನನ್ನು ವಲಿ ಎನ್ನುತ್ತಿದ್ದರು. ವಲಿ ಎಂದರೆ ಅರಬ್ಬಿಯಲ್ಲಿ ಸಂತ, ದೇವರಿಗೆ ಹತ್ತಿರದವನು. ನಾವು ಇಳಿದಾಗ ಎದುರು ಅಂಗಡಿಯವನು "ಯಾ ವಲಿ" ಎಂದು ಕೈಯೆತ್ತಿದ. ಭಾವನ ಹೆಗಲ ಮೇಲೆ ನನ್ನ ಉಣ್ಣೆಯ ಪೆಟ್ಟಿಗೆ ಇತ್ತು.

ಬುರೈಮಿ

ಮಗುವಿಗೆ ಇನ್ನೂ ಹೆಸರಿರಲಿಲ್ಲ. ಭಾವನಿಗೆ ತನ್ನ ತಂದೆಯ ಹೆಸರು ಪಾಸ್ಕಲ್ ಇಡಬೇಕು. ಅಕ್ಕನಿಗೆ ಕೆವಿನ್. ಪಾಸ್ಕಲ್ ಎಂದರೆ ಹುಟ್ಟಿದಾಗಲೇ ಮುದುಕ ಎಂದು ಅಕ್ಕ, ಕೆವಿನ್ ಎಂದರೆ ಬಿಸ್ಕೆಟಿನ ಹೆಸರು ಎಂದು ಭಾವ. ಇಬ್ಬರೂ ಸೋಲದೆ ಮಗು ಎಲ್ಲರ ಬಾಯಲ್ಲಿ ಬಾಬಾ ಆಗಿತ್ತು. ಜ್ಞಾನಸ್ನಾನದ ದಿನದೊಳಗೆ ತೀರ್ಮಾನ ಮಾಡುವುದೆಂದು ಒಪ್ಪಂದ.

ಪಕ್ಕದ ಮನೆಯಲ್ಲಿ ಉಮ್ಮ್ ಸಾಲಿಮ್ ಇದ್ದರು. ಸಾಲಿಮ್‌ನ ತಾಯಿ ಎಂದು ಅರ್ಥ. ಸಾಲಿಮ್ ಮಸ್ಕತ್‌ನಲ್ಲಿ ಕೆಲಸಕ್ಕಿದ್ದ. ಅಕ್ಕನ ಮನೆಯ ಮಾಲೀಕರೂ ಇವರೇ. ಬಲೂಚಿ ಮೂಲದ ಒಮಾನಿ ಹೆಂಗಸು. ಮತ್ರಾದಲ್ಲಿ ಹುಟ್ಟಿ, ಹಿಂದಿ ಸಿನಿಮಾ ನೋಡಿ ನೋಡಿ ಹಿಂದಿ ಕಲಿತವರು. ಹಾಗಾಗಿ ಅವರ ಹಿಂದಿಯಲ್ಲಿ ಸಣ್ಣ ಮಾತೂ ದೊಡ್ಡದಾಗಿ ಕೇಳುತ್ತಿತ್ತು. ಹಾಲು ಉಕ್ಕಿದರೂ ಸರ್ವನಾಶವಾಯಿತು ಎನ್ನುವವರು. ದಿನಕ್ಕೊಮ್ಮೆಯಾದರೂ ಬಂದು ಬಾಬಾನ ಮೂಗು ಹಿಂಡಿ ಹೋಗದಿದ್ದರೆ ಅವರಿಗೆ ಸಮಾಧಾನವಿಲ್ಲ.

ಆ ವರ್ಷ ರಂಜಾನ್ ಮತ್ತು ಈಸ್ಟರ್ ಹಬ್ಬಕ್ಕೆ ಮುಂಚಿನ ನಮ್ಮ ತಪಸ್ಸುಕಾಲ ಒಂದೇ ವಾರದಲ್ಲಿ ಶುರುವಾದವು. ನಾನು ಹೋಗಿ ಕೆಲವೇ ದಿನಗಳಾಗಿದ್ದವು. ಉಮ್ಮ್ ಸಾಲಿಮ್ ಉಪವಾಸವಿರುವುದನ್ನು ನೋಡಿ, ನಮ್ಮ ಮಾನವೂ ಉಳಿಯಲಿ ಎಂದು, ನಾವೂ ಈಗ ಉಪವಾಸದಲ್ಲಿದ್ದೇವೆ ಎಂದೆ. ಅವರಿಗೆ ಬಹಳ ಸಂತೋಷವಾಯಿತು.

"ಹೌದಾ? ಎಷ್ಟು ದಿನ?"

"ನಲವತ್ತು."

"ಮಾಶಾ ಅಲ್ಲಾ. ನಮಗಿಂತ ಹೆಚ್ಚು. ನೀರು ಕುಡಿಯೋದಿಲ್ಲ ಅಲ್ವಾ?"

"ನೀರು ಕುಡೀತೇವೆ."

"ಚಹಾ?"

"ಚಹಾನೂ ಕುಡೀತೇವೆ."

"ಊಟ?"

"ಊಟ ಮಾಡ್ತೇವೆ. ಶುಕ್ರವಾರ ಮಾತ್ರ ಮಾಂಸ ತಿನ್ನೋದಿಲ್ಲ."

"ಮೀನು?"

"ಮೀನು ತಿನ್ನಬಹುದು."

ಅವರು ಒಂದೊಂದೇ ಬೆರಳು ಮಡಚಿ ಲೆಕ್ಕ ಹಾಕಿದರು. ಗೇಲಿಯಿರಲಿಲ್ಲ, ನಿಜವಾದ ಕುತೂಹಲವಿತ್ತು.

"ಹಾಗಾದ್ರೆ ಉಪವಾಸ ಯಾವಾಗ?"

ನಾನು ಆ ವರ್ಷ ತಪಸ್ಸಿಗೆಂದು ಚಾಕೊಲೇಟ್ ಬಿಟ್ಟಿದ್ದೆ. ಅದನ್ನು ಹೇಳುವ ಬದಲು ಬಾಬಾನ ಬಟ್ಟೆ ಮಡಚಲು ಎದ್ದೆ. ಮರುದಿನದಿಂದ ಅಡುಗೆಮನೆಯಲ್ಲಿ ಮಧ್ಯಾಹ್ನ ಮೀನು ಹುರಿಯುವಾಗ ಅಕ್ಕ ಕಿಟಕಿ ಮುಚ್ಚುತ್ತಿದ್ದಳು, ನಾನು ಟವೆಲ್ ಬೀಸುತ್ತಿದ್ದೆ. ಇಡೀ ತಪಸ್ಸುಕಾಲದಲ್ಲಿ ನಾನು ಪಟ್ಟ ದೊಡ್ಡ ಕಷ್ಟವೆಂದರೆ ಆ ಹೊಗೆ.

ಅಲ್ ಐನ್

ಬುರೈಮಿಯಲ್ಲಿ ಇಗರ್ಜಿ ಇಲ್ಲ. ಪೂಜೆಗೆ ಹೋಗಬೇಕೆಂದರೆ ಅಲ್ ಐನ್‌ಗೆ ಹೋಗಬೇಕು. ಅಲ್ ಐನ್ ಬೇರೆ ದೇಶ, ಅಮೀರರ ನಾಡು. ಆದರೆ ಆಗ ಈ ಎರಡು ಊರುಗಳ ನಡುವೆ ಗಡಿ ಎಂಬುದು ಹೆಸರಿಗೆ ಮಾತ್ರ. ಒಂದು ಬೀದಿ ಒಮಾನ್, ಮುಂದಿನ ವೃತ್ತ ದಾಟಿದರೆ ಎಮಿರೇಟ್ಸ್. ಟೊಮೆಟೊ ಇಲ್ಲಿ ಅಗ್ಗ ಎಂದು ಅಲ್ಲಿಯವರು ಬರುತ್ತಿದ್ದರು, ದೇವರು ಅಲ್ಲಿದ್ದಾನೆ ಎಂದು ನಾವು ಹೋಗುತ್ತಿದ್ದೆವು. ಮನೆಯಿಂದ ಕೂಗಳತೆಯ ಇಗರ್ಜಿಗೆ ತಡವಾಗಿ ಹೋಗುತ್ತಿದ್ದವಳು ಈಗ ಪ್ರತಿ ವಾರ ಪರದೇಶಕ್ಕೆ ಹೋಗಿ, ಪೂಜೆಗೆ ಮೊದಲೇ ತಲುಪಿ ಕೂರುತ್ತಿದ್ದೆ. ಮನೆಗೆ ಬರೆದಾಗ ಅಜ್ಜಿ ನಂಬಲಿಲ್ಲವಂತೆ.

ಕರೆದೊಯ್ಯುತ್ತಿದ್ದವರು ಸದಾಶಿವಣ್ಣ. ಕಾಪು ಕಡೆಯ ತುಳುವರು, ಭಾವನ ಅಂಗಡಿಯ ವ್ಯಾನ್ ಓಡಿಸುವವರು. ನಮ್ಮನ್ನು ಇಗರ್ಜಿಯ ಬಾಗಿಲಲ್ಲಿ ಇಳಿಸಿ, ತಾವೂ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. "ಹೊರಗೆ ಬಿಸಿಲು, ಒಳಗೆ ಏಸಿ ಉಂಟು. ನಿಮ್ಮ ದೇವರು ನಮ್ಮನ್ನು ಎಬ್ಬಿಸ್ಲಿಕ್ಕಿಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದ್ದರು. ದೇವರು ಎಬ್ಬಿಸಲಿಲ್ಲ. ಅವರ ಗೊರಕೆ ಕೇಳಿ ಹಾಡಿನ ತಂಡದವರು ಎಬ್ಬಿಸಿದರು.

ಆ ಕಡೆಯೆಲ್ಲ ರಜೆ ಶುಕ್ರವಾರ, ಆದ್ದರಿಂದ ಭಾನುವಾರದ ಪೂಜೆಯೂ ಶುಕ್ರವಾರವೇ. ಇದರಿಂದ ನಮ್ಮ ಮನೆಯಲ್ಲಿ ಒಂದು ಧರ್ಮಸಂಕಟ ಹುಟ್ಟಿತು. ತಪಸ್ಸುಕಾಲದ ಶುಕ್ರವಾರ ಮಾಂಸ ತಿನ್ನಬಾರದು. ಭಾನುವಾರ ತಿನ್ನಬಹುದು. ಭಾನುವಾರದ ಪೂಜೆಯಾದ ಶುಕ್ರವಾರ ಏನು ಮಾಡಬೇಕು?

"ಪೂಜೆ ಮುಗಿದ ಮೇಲೆ ಅದು ಭಾನುವಾರ" ಎಂದ ಭಾವ. ಅವನ ಕಣ್ಣು ಅಲ್ ಐನ್‌ನ ಹೋಟೆಲೊಂದರಿಂದ ಕಟ್ಟಿಸಿ ತಂದ ಬಿರಿಯಾನಿಯ ಪೊಟ್ಟಣದ ಮೇಲಿತ್ತು.

"ಕ್ಯಾಲೆಂಡರಲ್ಲಿ ಶುಕ್ರವಾರ" ಎಂದೆ ನಾನು.

"ಕ್ಯಾಲೆಂಡರ್ ಮುಖ್ಯವಾ, ಪೂಜೆ ಮುಖ್ಯವಾ? ನೀನು ಜ್ಞಾನತಾಯಿ ಆಗ್ಲಿಕ್ಕೆ ಬಂದವಳು, ಹೇಳು ನೋಡುವ."

ಅಕ್ಕ ಬಾಣಂತಿ, ಅವಳಿಗೆ ನಿಯಮವಿಲ್ಲ ಎಂದು ಅವಳು ತಿಂದಳು. ಭಾವ ಭಾನುವಾರವೆಂದು ತಿಂದ. ನಾನು ಅನ್ನದ ನಡುವಿನ ಮೊಟ್ಟೆ ಆರಿಸಿಕೊಂಡು ತಿಂದೆ. ಮೊಟ್ಟೆ ಮಾಂಸವೋ ಅಲ್ಲವೋ ಎಂಬ ಪ್ರಶ್ನೆ ಎತ್ತುವಷ್ಟು ವಿದ್ಯೆ ಭಾವನಿಗೆ ಇರಲಿಲ್ಲ.

ಪಾದ್ರಿಗಳು ಗೋವೆಯ ಕಡೆಯವರು, ವಯಸ್ಸಾದವರು, ಮಾತು ಕಡಿಮೆ. ರಂಜಾನ್ ಮುಗಿಯುವ ಮುಂಚಿನ ಕೊನೆಯ ಶುಕ್ರವಾರ ಜ್ಞಾನಸ್ನಾನ ಎಂದು ಗೊತ್ತುಮಾಡಿದರು. ಆಮೇಲೆ ಅವರು ಊರಿಗೆ ಹೋಗುವವರಿದ್ದರು.

ಬುರೈಮಿ, ಮಗ್ರಿಬ್ ಹೊತ್ತು

ಆ ಶುಕ್ರವಾರಕ್ಕೆ ಮೂರು ದಿನವಿರುವಾಗ ಮಧ್ಯಾಹ್ನ ನಮ್ಮ ಏಸಿ ಕೆಟ್ಟಿತು. ಹೊರಗೆ ಧೂಳಿನ ಗಾಳಿ ಬೀಸುತ್ತಿದ್ದುದರಿಂದ ಕಿಟಕಿ ತೆರೆಯುವಂತಿರಲಿಲ್ಲ. ಅಕ್ಕನೂ ನಾನೂ ಬೆವರೊರೆಸಿಕೊಳ್ಳುತ್ತ, ಮೆಕ್ಯಾನಿಕ್‌ನನ್ನು ಬೈಯುತ್ತ ಕೂತೆವು. ಬಾಬಾ ಮಂಚದ ಮೇಲೆ ಅಜ್ಜಿಯ ಉಣ್ಣೆಯೊಳಗೆ ಮಲಗಿದ್ದ. ಏಸಿಯ ಚಳಿಗೆಂದು ದಿನವೂ ತೊಡಿಸುತ್ತಿದ್ದೆವು, ಏಸಿ ನಿಂತಾಗ ತೆಗೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಓದಿದವರು ನಾವು.

ಸಂಜೆ ಎತ್ತಿಕೊಂಡರೆ ಮೈ ಕೆಂಡ. ಹಾಲಿಗೆ ಬಾಯಿ ಹಾಕಲಿಲ್ಲ. ಅತ್ತರೂ ಧ್ವನಿ ಬರಲಿಲ್ಲ. ಕಣ್ಣು ಅರ್ಧ ಮುಚ್ಚಿ ಮೇಲಕ್ಕೆ ಹೋಗುತ್ತಿತ್ತು. ಅಕ್ಕ ಅಂಗಡಿಗೆ ಫೋನ್ ಮಾಡಿದಳು. ಭಾವ ಸದಾಶಿವಣ್ಣನ ಜೊತೆ ಸಾಮಾನು ಇಳಿಸಲು ಹೋಗಿದ್ದಾನೆ, ಯಾವಾಗ ಬರುತ್ತಾನೋ ಗೊತ್ತಿಲ್ಲ ಎಂದರು. ನಾನು ಬೀದಿಗೆ ಓಡಿದೆ. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಮುಂಚಿನ ಹೊತ್ತು ಎಂದರೆ ಊರಿಗೆ ಊರೇ ಮಾಯ. ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು, ಟ್ಯಾಕ್ಸಿ ಇರಲಿಲ್ಲ, ರಸ್ತೆಯಲ್ಲಿ ಒಂದು ಆಡು ಮಾತ್ರ ನಿಂತು ನನ್ನನ್ನು ನೋಡುತ್ತಿತ್ತು. ವಾಪಸ್ ಬರುವಾಗ ಉಮ್ಮ್ ಸಾಲಿಮ್ ಅವರ ಬಾಗಿಲು ಬಡಿದೆ. ಅವರು ಕೈಯಲ್ಲಿದ್ದ ಸೌಟಿನೊಂದಿಗೇ ಓಡಿ ಬಂದರು.

ನಾವು ಒಳಗೆ ಹೋದಾಗ ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನನ್ನು ನೋಡಿ ಒಂದೇ ಮಾತು ಹೇಳಿದಳು. "ಲವೀ, ಇವನಿಗೆ ಇನ್ನೂ ಜ್ಞಾನಸ್ನಾನ ಆಗ್ಲಿಲ್ಲ."

ಅದರ ಅರ್ಥ ನಮ್ಮವರಿಗೆಲ್ಲ ಗೊತ್ತು. ಜ್ಞಾನಸ್ನಾನವಿಲ್ಲದೆ ಹೋದ ಮಗುವಿಗೆ ಸ್ವರ್ಗದ ಬಾಗಿಲು ತೆರೆಯುವುದಿಲ್ಲ ಎಂಬ ಹೆದರಿಕೆ ಅದು. ಪ್ರಾಣಕ್ಕೆ ಬಂದಾಗ ಪಾದ್ರಿಗಳಿಲ್ಲದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಧರ್ಮೋಪದೇಶದ ತರಗತಿಯಲ್ಲಿ ಕನ್ಯಾಸ್ತ್ರೀಯೊಬ್ಬರು ಇದನ್ನು ತೆಂಗಿನಕಾಯಿ ಇಟ್ಟುಕೊಂಡು ಕಲಿಸಿದ್ದರು. ತಲೆಯ ಮೇಲೆ ನೀರು ಹರಿಯಬೇಕು, ಹರಿಯುವಾಗಲೇ ಮಾತು ಹೇಳಬೇಕು. ನಾವು ಒಬ್ಬೊಬ್ಬರೇ ಬಂದು ಆ ಕಾಯಿಗೆ ಜ್ಞಾನಸ್ನಾನ ಕೊಟ್ಟಿದ್ದೆವು. ನಾನು ನಗು ತಡೆಯಲಾರದೆ ಬೆಂಚಿನ ಮೇಲೆ ನಿಂತ ಶಿಕ್ಷೆ ಅನುಭವಿಸಿದ್ದೆ. ಅದೇ ಸಂಜೆ ಆ ಕಾಯಿ ಕಾನ್ವೆಂಟಿನ ಮೀನುಸಾರಿಗೆ ಹೋಯಿತು.

ಈಗ ನಗು ಬರಲಿಲ್ಲ. ಅಡುಗೆಮನೆಗೆ ಹೋಗಿ ಸ್ಟೀಲ್ ಲೋಟದಲ್ಲಿ ನೀರು ತಂದೆ. ಕೈ ನಡುಗಿ ಅರ್ಧ ನೆಲಕ್ಕೆ ಹೋಯಿತು. ಉಮ್ಮ್ ಸಾಲಿಮ್ ಅಷ್ಟರಲ್ಲಿ ಮಗುವನ್ನು ಅಕ್ಕನಿಂದ ತೆಗೆದುಕೊಂಡು, ಟೋಪಿ ಕಿತ್ತೆಸೆದು, ತಲೆಯನ್ನು ಅಂಗೈಯಲ್ಲಿ ಹಿಡಿದಿದ್ದರು. ಲೋಟ ನೋಡಿ, "ಶಾಬಾಶ್. ಹಾಕು, ತಲೆಗೆ ಹಾಕು" ಎಂದರು. ಅವರು ಹೇಳಿದ್ದು ಜ್ವರಕ್ಕೆ.

ಹೆಸರು ಬೇಕಲ್ಲ. "ಬೇಗ ಹೇಳು, ಹೆಸರೆಂತ?" ಎಂದು ಅಕ್ಕನನ್ನು ಕೇಳಿದೆ.

ಅವಳು ಗೋಡೆಗೆ ಒರಗಿ, ಕಣ್ಣು ಮುಚ್ಚಿ, "ಆಂತೊನಿ... ಸಂತ ಆಂತೊನಿ" ಅಂದಳು.

ನಾನು ನೀರು ಸುರಿದೆ. "ಆಂತೊನಿ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದು ಕೊಂಕಣಿಯಲ್ಲಿ ಹೇಳಿದೆ. ಮಾತು ಮುಗಿಯುವ ಮುಂಚೆಯೇ ಮಸೀದಿಯಲ್ಲಿ ಸೂರ್ಯಾಸ್ತದ ಮಗ್ರಿಬ್ ಬಾಂಗ್ ಶುರುವಾಯಿತು. ಬಾಬಾ ತಣ್ಣೀರಿಗೆ ಬೆಚ್ಚಿ, ಕಾಲು ಝಾಡಿಸಿ, ಗಟ್ಟಿಯಾಗಿ ಕೂಗಿದ.

ಉಮ್ಮ್ ಸಾಲಿಮ್ ಕಿಟಕಿ ತೆರೆದು ಗಂಡನನ್ನು ಕರೆದರು. ದಿನವಿಡೀ ಹಸಿದಿದ್ದ ಆ ಮನುಷ್ಯ ಊಟದ ತಟ್ಟೆಯ ಮುಂದೆ ಕೂತಿದ್ದವರು, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಎದ್ದು ಬಂದು ಪಿಕಪ್ ತೆಗೆದರು. ದಾರಿಯುದ್ದಕ್ಕೂ ಖರ್ಜೂರದ ಬೀಜ ಅವರ ಕೆನ್ನೆಯೊಳಗೇ ಇತ್ತು, ಉಗುಳುವಷ್ಟೂ ಪುರುಸೊತ್ತಿರಲಿಲ್ಲ. ನಾನು ಚಾಕೊಲೇಟ್ ಬಿಟ್ಟದ್ದು ನೆನಪಾಗಿ ಕಿಟಕಿಯಾಚೆ ನೋಡತೊಡಗಿದೆ.

ಆಸ್ಪತ್ರೆ

ಆಸ್ಪತ್ರೆಯಲ್ಲಿ ಈಜಿಪ್ಟಿನ ಒಬ್ಬ ವೈದ್ಯೆ ಇದ್ದರು. ಮಗುವನ್ನು ಮೇಜಿನ ಮೇಲೆ ಮಲಗಿಸಿ ಹೊದಿಕೆ ತೆಗೆದರು. ಒಳಗೆ ಸ್ವೆಟರು. ಅದನ್ನು ತೆಗೆದರು. ಒಳಗೆ ಇನ್ನೊಂದು ಸ್ವೆಟರು. ಅದರೊಳಗೆ ಉಣ್ಣೆಯ ಬನಿಯನ್ನು. ಈರುಳ್ಳಿ ಸುಲಿದ ಹಾಗೆ ಸುಲಿಯುತ್ತ ಹೋದರು. ಉಣ್ಣೆ ಒಂದು ಕಡೆ ಗುಡ್ಡೆಯಾಯಿತು, ಮಗು ಇನ್ನೊಂದು ಕಡೆ ಚಿಕ್ಕದಾಗುತ್ತ ಹೋಯಿತು.

"ನಿಮ್ಮ ಊರಲ್ಲಿ ಹಿಮ ಬೀಳುತ್ತದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ."

"ಮತ್ತೆ ಇದು ಯಾಕೆ?"

"ಅಜ್ಜಿ" ಎಂದೆ. ವೈದ್ಯೆ ತಲೆಯಾಡಿಸಿದರು. ಈಜಿಪ್ಟಿನಲ್ಲೂ ಅಜ್ಜಿಯರಿರಬೇಕು.

ಗಂಟಲು ಸ್ವಲ್ಪ ಕೆಂಪಾಗಿದೆ, ಸಣ್ಣ ಜ್ವರ ಬಂದಿರಬಹುದು. ಅದರ ಮೇಲೆ ಸೆಕೆಯಲ್ಲಿ ಬೇಯಿಸಿದ್ದೀರಿ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು. ತಲೆಗೆ ನೀರು ಹಾಕಿದ್ದು ಯಾರು, ಒಳ್ಳೆಯದು ಮಾಡಿದಿರಿ ಎಂದರು ವೈದ್ಯೆ. ಉಮ್ಮ್ ಸಾಲಿಮ್ ನನ್ನ ಬೆನ್ನು ತಟ್ಟಿದರು. ಆ ನೀರಿನಲ್ಲಿ ಯಾವ ಪಾಲು ಔಷಧಿ, ಯಾವ ಪಾಲು ಸಂಸ್ಕಾರ ಎಂದು ನನಗೆ ತಿಳಿಯಲಿಲ್ಲ. ಬಾಬಾ ಬಾಟಲಿಯ ಹಾಲು ಕುಡಿದು ನಿದ್ದೆ ಹೋದ.

ಭಾವ ಓಡಿ ಬಂದ ಮೇಲೆ ಅಕ್ಕ ಎಲ್ಲ ಹೇಳಿದಳು. ಹೆಸರಿನ ವಿಷಯಕ್ಕೆ ಬಂದಾಗ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನೀನು ಯಾವ ಹೆಸರು ಹೇಳಿದ್ದು?"

"ನೀನು ಹೇಳಿದ್ದೇ. ಆಂತೊನಿ."

"ನಾನೆಲ್ಲಿ ಹೆಸರು ಹೇಳಿದ್ದು ಮಾರಾಯ್ತಿ? ನಾನು ಸಂತರನ್ನು ಕರೆದದ್ದು."

ಮತ್ತೆ ಅಲ್ ಐನ್

ಶುಕ್ರವಾರ ಮಗು ಬಿಳಿ ಅಂಗಿಯಲ್ಲಿ, ಹತ್ತಿಯದು, ಕೈಕಾಲು ಆಡಿಸುತ್ತ ಇಗರ್ಜಿಗೆ ಬಂದ. ಪೂಜೆಗೆ ಮುಂಚೆ ನಾನು ಪಾದ್ರಿಗಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕುರ್ಚಿ ತೋರಿಸಿ, ಕೊಂಕಣಿಯಲ್ಲೇ ವಿಚಾರಣೆಗೆ ತೊಡಗಿದರು.

"ನೀರು ಹರಿಯಿತಾ, ಒದ್ದೆ ಬೆರಳು ಮುಟ್ಟಿಸಿದ್ದಾ?"

"ಹರಿಯಿತು ಫಾದರ್. ಕಾರ್ಪೆಟ್ ಇನ್ನೂ ಒಣಗ್ಲಿಲ್ಲ."

"ಮಾತು ಹೇಳು."

ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಸರಿಯಾಗಿದೆ. ಹೇಳುವಾಗ ಮನಸ್ಸಿನಲ್ಲಿ ಏನಿತ್ತು?"

ಇದು ತರಗತಿಯಲ್ಲಿ ಕಲಿಸಿದ್ದರೂ ನೆನಪಿಗೆ ಬರಲಿಲ್ಲ. "ಏನೂ ಇರಲಿಲ್ಲ ಫಾದರ್. ಹೆದರಿಕೆ ಇತ್ತು. ಅವನನ್ನು ಯಾರಾದರೂ ಹಿಡ್ಕೊಳ್ಳಲಿ ಅಂತ ಇತ್ತು. ನಮ್ಮ ಕೈಯಿಂದ ಆಗ್ಲಿಲ್ಲವಲ್ಲ."

ಅವರು ಎದ್ದು ನಿಂತರು. "ಅಷ್ಟು ಸಾಕು. ಜ್ಞಾನಸ್ನಾನ ಒಂದೇ ಸಲ. ನೀನು ಕೊಟ್ಟಾಯಿತು, ನಾನು ಮತ್ತೆ ಕೊಡುವ ಹಾಗಿಲ್ಲ. ಎಣ್ಣೆ ಹಚ್ಚುವುದು, ಮೇಣದ ಬತ್ತಿ ಹಚ್ಚುವುದು, ಅದಿಷ್ಟು ನನಗೆ ಉಳಿದದ್ದು. ಹೆಸರು ಆಂತೊನಿ. ಖಲಾಸ್."

ಬಾಗಿಲಲ್ಲಿ ನಿಂತಿದ್ದ ಅಕ್ಕ ಭಾವನನ್ನು ನೋಡಿದಳು, ಭಾವ ಅಕ್ಕನನ್ನು ನೋಡಿದ. ಇಬ್ಬರ ಮುಖದಲ್ಲೂ ಬೇಸರ ಕಾಣಲಿಲ್ಲ. ಪಾಸ್ಕಲ್ ಗೆಲ್ಲಲಿಲ್ಲ, ಆದರೆ ಕೆವಿನ್ ಕೂಡ ಗೆಲ್ಲಲಿಲ್ಲ. ಸದಾಶಿವಣ್ಣ ಮಾತ್ರ, "ಆಂತೊನಿ ಒಳ್ಳೇದು. ಕರೀಲಿಕ್ಕೆ ಸುಲಭ" ಎಂದು ಹೇಳಿ ತಮ್ಮ ಹಿಂದಿನ ಬೆಂಚಿಗೆ ಹೋದರು.

ನಾನು ಮಗುವನ್ನು ಎತ್ತಿಕೊಂಡು ಎದುರಿಗೆ ನಿಂತೆ. ದೇವರಲ್ಲಿ ನಂಬಿಕೆಯಿದೆಯೇ ಎಂದು ಪಾದ್ರಿಗಳು ಕೇಳಿದರು. ಊರಿನಲ್ಲಿ ಈ ಪ್ರಶ್ನೆಗೆ ಸಾವಿರ ಜನರ ಗುಂಪಿನಲ್ಲಿ ತುಟಿಯಾಡಿಸಿ ತಪ್ಪಿಸಿಕೊಳ್ಳಬಹುದು. ಇಲ್ಲಿ ಉತ್ತರ ಹೇ‍ಳಬೇಕಾದವಳು ನಾನೊಬ್ಬಳು. ಆಂತೊನಿ ನನ್ನ ಕಿವಿಯ ಓಲೆ ಹಿಡಿದು ಎಳೆಯುತ್ತಿದ್ದ. "ಇದೆ" ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿತು. ಅರ್ಧ ಕಿವಿಯ ನೋವಿನಿಂದ ಎಂದರೆ ಸುಳ್ಳಲ್ಲ, ಉಳಿದರ್ಧ ನಿಜ.

ಉಮ್ಮ್ ಸಾಲಿಮ್ ಅವರ ಮನೆ

ಆ ಸಂಜೆ ಉಪವಾಸ ಬಿಡುವ ಊಟಕ್ಕೆ ಅವರು ನಮ್ಮೆಲ್ಲರನ್ನೂ ಕರೆದಿದ್ದರು. ಅವರು ಜ್ವರಕ್ಕೆಂದು ಹಿಡಿದ ತಲೆಗೆ ನಾನು ಬೇರೆಯೇ ಮಾತು ಹೇಳಿ ನೀರು ಹಾಕಿದ್ದೆ. ನಮ್ಮ ಧರ್ಮದ ಕ್ರಿಯೆಯಲ್ಲಿ ಅವರನ್ನು ಕೇಳದೆ ನಿಲ್ಲಿಸಿದ ಹಾಗಾಯಿತು, ಅದೂ ರಂಜಾನ್‌ನಲ್ಲಿ. ಹೇಳಬೇಡ ಎಂದು ಭಾವ ಎಚ್ಚರಿಸಿದ್ದ. ಅವರು ಮನೆಯ ಮಾಲೀಕರು ಎಂಬುದು ಅವನ ಚಿಂತೆ. ಆದರೆ ಅವರು ಊಟದ ಹಾಸಿನ ಮೇಲೆ ನನ್ನ ಪಕ್ಕ ಕೂತು, ಇವತ್ತು ಇಗರ್ಜಿಯಲ್ಲಿ ಏನು ಮಾಡಿದಿರಿ ಎಂದು ಕೇಳಿದಾಗ ಸುಳ್ಳು ಹೇಳಲಾಗಲಿಲ್ಲ. ನನ್ನ ಹಿಂದಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಹೇಳಿದೆ. ಆ ದಿನ ನೀರು ಹಾಕುವಾಗ ನಾನು ಹೇಳಿದ್ದು ಪ್ರಾರ್ಥನೆ, ಅದರಿಂದ ಅವನು ನಮ್ಮ ಧರ್ಮಕ್ಕೆ ಸೇರಿದ, ನಾನು ಅವನ ಜ್ಞಾನತಾಯಿಯಾದೆ ಎಂದೆ.

ಭಾವ ಸಮೋಸವನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಇದ್ದ. ಉಮ್ಮ್ ಸಾಲಿಮ್ ಗಂಡನಿಗೆ ಬಲೂಚಿಯಲ್ಲಿ ಏನೋ ಹೇಳಿದರು. ಅವರ ಗಂಡ ನನ್ನನ್ನು ನೋಡಿದರು, ಮಗುವನ್ನು ನೋಡಿದರು, ಒಂದೆರಡು ಮಾತಾಡಿ ಮತ್ತೆ ಊಟಕ್ಕೆ ಬಗ್ಗಿದರು.

"ನೀನು ನೀರು ಹಾಕಿದ್ದು" ಎಂದರು ಉಮ್ಮ್ ಸಾಲಿಮ್ ಕೊನೆಗೆ. "ತಲೆ ಹಿಡಿದದ್ದು ನಾನು."

"ಹೌದು."

"ನಾನು ಹಿಡಿಯದಿದ್ದರೆ ನೀರು ಅವನ ಮೂಗಿಗೆ ಹೋಗ್ತಿತ್ತು. ನಿನ್ನ ಕೈ ಹೇಗೆ ನಡುಗ್ತಿತ್ತು ಅಂತ ನಾನು ನೋಡಿದ್ದೇನೆ."

"ಹೌದು."

"ನೀರು ಹಾಕಿದವಳು ತಾಯಿ ಆದ್ರೆ, ಹಿಡಿದವಳು ಏನಾಗ್ಬೇಕು?"

ತರಗತಿಯಲ್ಲಿ ಇದನ್ನು ಕಲಿಸಿರಲಿಲ್ಲ. ನಾನು ಅಕ್ಕನನ್ನು ನೋಡಿದೆ. ಅಕ್ಕ ಎದ್ದು ಬಂದು ಆಂತೊನಿಯನ್ನು ಅವರ ತೊಡೆಯ ಮೇಲೆ ಮಲಗಿಸಿದಳು. ಉಮ್ಮ್ ಸಾಲಿಮ್ ಅವನ ಮೂಗು ಹಿಂಡಿ, ಹಣೆ ಮುಟ್ಟಿ ನೋಡಿ, ಸಿನಿಮಾದ ಹಿಂದಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ತೀರ್ಪು ಕೊಟ್ಟರು.

"ಇನ್ನು ಮುಂದೆ ಇವನಿಗೆ ಜ್ವರ ಬಂದ್ರೆ ಮೊದಲು ನನ್ನನ್ನು ಕರೀಬೇಕು. ಪ್ರಾರ್ಥನೆ ನಾನು ಬಂದ ಮೇಲೆ."